ಗಾರ್ಡ್ ಹಾಕಿಸ್ಬೇಕಾ, ಬೇಡ್ವಾ?

ಹೊಸ ಬೈಕಿಗೆ ದುಡ್ಡು ಕಟ್ಟಿದವನನ್ನು ಷೋರೂಮಿನ ಹುಡುಗ "ಗಾರ್ಡ್ ಹಾಕಿಸ್ತೀರಾ ಸರ್?" ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಅವನು ಕೇಳುವುದು, "ಯಾವ ಗಾರ್ಡ್ ಹಾಕ್ಲಿ ಸರ್?" ಅಂತ. ಹಾಕಿಸುವುದು ಆಗಲೇ ತೀರ್ಮಾನವಾಗಿಹೋಗಿದೆ. ತೀರ್ಮಾನಿಸಿದವರು ಯಾರು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ನೀವು ಬಾಯಿ ತೆರೆಯುವಷ್ಟರಲ್ಲಿ ಲ್ಯಾಮಿನೇಷನ್ ಮಾಡಿಸಿದ ಹಾಳೆಯೊಂದು ಕೈಗೆ ಬಂದಿರುತ್ತದೆ. ಒಂದು ಗಾರ್ಡ್ ದುಂಡಗೆ, ಒಂದಕ್ಕೆ ಎಂಟು ಮೂಲೆ, ಮತ್ತೊಂದಕ್ಕೆ ಅಡ್ಡಡ್ಡ ಎರಡು ಪೈಪು, ಇನ್ನೊಂದಕ್ಕೆ ಕಾಲಿಡಲು ರಬ್ಬರು. ಕ್ರೋಮಾ, ಕಪ್ಪಾ? ಜೊತೆಗೆ ಸೀಟ್ ಕವರು, ಟ್ಯಾಂಕ್ ಕವರು, ಇಡೀ ಗಾಡಿ ಮುಚ್ಚುವ ಕವರು ಸೇರಿಸಿಕೊಂಡರೆ ಅದಕ್ಕೆ ‘ಪ್ಯಾಕೇಜ್’ ಅಂತ ಹೆಸರು. ಪ್ಯಾಕೇಜ್ ಬೇಡ ಅಂದಿರೋ, ಡೆಲಿವರಿ ಯಾಕೋ ಒಂದು ವಾರ ಮುಂದಕ್ಕೆ ಹೋಗುತ್ತದೆ.

ಈಗ ಆ ಹಾಳೆ ಹಿಡಿದು ಕೂತಿರುವವನು ನನ್ನ ಭಾವಮೈದುನ. ಕ್ಲಾಸಿಕ್ 350 ಬುಕ್ ಮಾಡಿದ್ದಾನೆ. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವಷ್ಟರಲ್ಲಿ ಒಪ್ಪಿಬಿಟ್ಟ ಆಸಾಮಿ, ಬೈಕಿನ ಬಣ್ಣ ಆರಿಸಲು ಪೂರ್ತಿ ಒಂದು ಮಳೆಗಾಲ ತೆಗೆದುಕೊಂಡ. ಅಂತೂ ಬಣ್ಣ ಮುಗಿಯಿತಲ್ಲ ಎಂದು ಮನೆಯವರೆಲ್ಲ ಉಸಿರು ಬಿಟ್ಟರೆ ಗಾರ್ಡ್ ಶುರುವಾಯಿತು.

"ಭಾವಾ, ಹಾಕಿಸ್ಲಾ ಬೇಡ್ವಾ? ಹಾಕಿಸಿದ್ರೆ ಗಾಡಿ ಲುಕ್ ಹೋಗುತ್ತೆ. ಹಾಕಿಸ್ದೆ ಬಿದ್ರೆ ಟ್ಯಾಂಕ್ ಹೋಗುತ್ತೆ."

"ನಿನ್ನ ಕಾಲು?"

"ಹಾಂ... ಕಾಲೂನೂ," ಎಂದ, ಆಗಷ್ಟೇ ಜ್ಞಾಪಕ ಬಂದು.

ನಗಬೇಡಿ. ಅವನು ಹೇಳಿದ ಕ್ರಮವೇ ಸರಿ ಎಂದು ಮುಂದೆ ನಿಮಗೇ ತಿಳಿಯುತ್ತದೆ. ಮೊದಲು ಟ್ಯಾಂಕು, ಆಮೇಲೆ ಕಾಲು. ಲೆಗ್ ಗಾರ್ಡ್ ಎಂದು ಕರೆಸಿಕೊಂಡರೂ ಆ ಕಬ್ಬಿಣದ ನಿಷ್ಠೆ ಇರುವುದು ಬಹುತೇಕ ಗಾಡಿಯ ಕಡೆಗೇ.

ವಿಷಯ ಮನೆಯ ಹಜಾರಕ್ಕೆ ಬಂತು. ನಮ್ಮಲ್ಲಿ ಬೈಕು ಒಬ್ಬ ಓಡಿಸಿದರೂ ತೀರ್ಮಾನ ಮಾಡುವುದು ಕುಟುಂಬ ತಾನೇ? ಮೊದಲು ಮಾತೆತ್ತಿದವರು ನಮ್ಮ ಮಾವ. ಅವರ ಹರೆಯವೆಲ್ಲ ಮೈಸೂರಿನ ಗಾಡಿ ಮೇಲೆ ಕಳೆದದ್ದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು, 1973ರಲ್ಲಿ ಜಾವಾ ಹೋಗಿ ಯೆಜ್ಡಿ ಎನ್ನುವ ಹೆಸರು ಬಂತು, 1996ರಲ್ಲಿ ಕಾರ್ಖಾನೆಗೇ ಬೀಗ ಬಿತ್ತು. ಮಾವನವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮೂರು ಪಾಳಿ ನಡೆಯುತ್ತಿದೆ.

"ನಮ್ ಯೆಜ್ಡೀಲಿ ಕಿಕ್ಕರ್ರೇ ಗೇರು ಕಣಯ್ಯಾ. ಒಳಗೆ ಒತ್ತಿ ಮೇಲಕ್ಕೆತ್ತಿದ್ರೆ ಕಿಕ್ಕರ್ರು, ಕೆಳಗಿಳಿಸಿದ್ರೆ ಗೇರು. ಗಾಡಿ ಎಡಕ್ಕೆ ಬಿದ್ದು ಅದೊಂದು ಸೊಟ್ಟಗಾಯ್ತೋ, ಕಿಕ್ಕೂ ಇಲ್ಲ, ಗೇರೂ ಇಲ್ಲ. ತಳ್ಕೊಂಡು ಮನೆಗೆ ಬರ್ಬೇಕು. ಗಾರ್ಡ್ ಇಲ್ದೆ ಯಾವ ಗಂಡಸು ಆ ಗಾಡಿ ಓಡಿಸ್ತಿದ್ದ?"

ಮಾತಿನಲ್ಲಿ ತೂಕವಿದೆ. ಆದರೆ ಆ ಗಾರ್ಡ್ ನಿಜಕ್ಕೂ ಏನೇನು ಕಾಪಾಡಿತು ಎಂದು ಸ್ವಲ್ಪ ಕೆದಕಿದರೆ ಹೊರಬರುವ ಪಟ್ಟಿಯೇ ಬೇರೆ. ಮದ್ದೂರಿನಿಂದ ಎಡಕ್ಕೊಂದು ಬಲಕ್ಕೊಂದು ಎಳನೀರು ಗೊನೆ, ಬ್ಯಾಲೆನ್ಸ್ ತಪ್ಪದ ಹಾಗೆ. ಮಿಲ್ಲಿನಿಂದ ಬಿಸಿ ಬಿಸಿ ರಾಗಿಹಿಟ್ಟಿನ ಚೀಲ. ನನ್ನ ಹೆಂಡತಿಯ ಸ್ಕೂಲ್ ಬ್ಯಾಗು. ಅಂದರೆ ಮಾವನವರು ಅದನ್ನು ಇಟ್ಟುಕೊಂಡಿದ್ದದ್ದು ಬಿದ್ದಾಗಿನ ಉಪಯೋಗಕ್ಕಲ್ಲ, ಬೀಳದೇ ಇದ್ದಾಗಿನ ಉಪಯೋಗಕ್ಕೆ!

ಮಾವನವರನ್ನೊಬ್ಬರನ್ನೇ ಯಾಕೆ ಹಿಡಿಯಬೇಕು? ಯಾವ ಸಂತೆಯ ದಿನವಾದರೂ ರಸ್ತೆ ಬದಿ ನಿಂತು ನೋಡಿ. ಗಾರ್ಡಿಗೆ ತಲೆಕೆಳಗಾಗಿ ನೇತಾಡುತ್ತಾ ಲೋಕ ವೀಕ್ಷಣೆ ಮಾಡುವ ನಾಟಿಕೋಳಿ, ರಿವೈಂಡಿಂಗಿಗೆ ಹೊರಟ ಪಂಪ್‌ಸೆಟ್ ಮೋಟಾರು, ಹೂವಿನ ಮೂಟೆ, ಮಡಚಿ ಸಿಕ್ಕಿಸಿದ ರೈನ್‌ಕೋಟು, ಯಾವುದೋ ಹಳೇ ಹರಕೆಯ ನಿಂಬೆಹಣ್ಣು. ಇನ್ನು ಹೆದ್ದಾರಿಗೆ ಬಂದರೆ ನಮ್ಮ ಬುಲೆಟ್ ವೀರರು ಎರಡೂ ಕಾಲನ್ನು ಗಾರ್ಡಿನ ಮೇಲೆ ಚಾಚಿ, ಆರಾಮ ಕುರ್ಚಿಯಲ್ಲಿ ಪೇಪರ್ ಓದುವ ಭಂಗಿಯಲ್ಲಿ ತುಮಕೂರು ರಸ್ತೆಯಲ್ಲಿ ತೇಲುತ್ತಿರುತ್ತಾರೆ. ಹಿಂದಿನ ಚಕ್ರದ ಬ್ರೇಕ್ ಪೆಡಲ್ ಇರುವುದು ಬಲಗಾಲ ಹತ್ತಿರ ಅಲ್ಲವೇ? ಪೆಡಲ್ ಇದ್ದಲ್ಲೇ ಇದೆ, ಕಾಲು ಮಾತ್ರ ಮುಂದೆ ಹೋಗಿದೆ. ನಾಯಿಯೊಂದು ರಸ್ತೆ ದಾಟಲು ನಿರ್ಧರಿಸುವುದು ಸರಿಯಾಗಿ ಆವಾಗಲೇ. ಬಿದ್ದಾಗ ಕಾಪಾಡಲಿ ಎಂದು ಹಾಕಿಸಿದ ಗಾರ್ಡೇ ಬೀಳಿಸಲು ಸಹಾಯ ಮಾಡುವ ಈ ಏರ್ಪಾಡು ಕಂಡುಹಿಡಿದವರಿಗೆ ದೊಡ್ಡ ನಮಸ್ಕಾರ.

ಅತ್ತೆ ಅಡುಗೆಮನೆಯಿಂದಲೇ ತಮ್ಮ ವಾದ ಮಂಡಿಸಿದರು. "ಗಾರ್ಡ್ ಇಲ್ದಿದ್ರೆ ಆಯುಧಪೂಜೆಗೆ ಬಾಳೆಕಂದು ಎಲ್ಲಿಗೋ ಕಟ್ತೀಯ? ಹ್ಯಾಂಡಲ್ಲಿಗೆ ಕಟ್ಟಿದ್ರೆ ಕಣ್ಣಿಗೆ ಹೊಡೆಯುತ್ತೆ."

ಯಾವ ಎಂಜಿನಿಯರ್ ಹತ್ತಿರವೂ ಇದಕ್ಕೆ ಉತ್ತರವಿಲ್ಲ. ಹಜಾರ ಒಂದು ನಿಮಿಷ ಸುಮ್ಮನಾಯಿತು.

ನಾನು ಅವನನ್ನು ಕರೆದುಕೊಂಡು ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ ಹತ್ತಿರ ಹೋದೆ. ಗಾರ್ಡ್ ಮಾರುವವನನ್ನಲ್ಲ, ಬಿದ್ದ ಮೇಲೆ ಅದನ್ನು ಬಿಚ್ಚುವವನನ್ನು ಕೇಳಬೇಕು ಎನ್ನುವುದು ನನ್ನ ಸಿದ್ಧಾಂತ. ಆತ ಮಾತಾಡಲಿಲ್ಲ. ಗೋಡೆಗೆ ಒರಗಿಸಿದ್ದ ಗುಜರಿಯಿಂದ ಒಂದು ಗಾರ್ಡ್ ಎಳೆದು ನಮ್ಮ ಮುಂದೆ ಹಾಕಿದ. ಎಡಗಡೆಯ ಬಳೆ ಹಿಂದಕ್ಕೆ ಮಡಚಿಕೊಂಡಿದೆ. ತುದಿಯಲ್ಲಿ ಕಪ್ಪು ಬಣ್ಣ ಉಜ್ಜಿಹೋಗಿ ಅಂಗೈ ಅಗಲ ಬೆಳ್ಳಗೆ ಹೊಳೆಯುತ್ತಿದೆ. ಬೋಲ್ಟ್ ಕೂರುವ ಪಟ್ಟಿಯ ಹತ್ತಿರ ವೆಲ್ಡಿಂಗ್ ಬಿರುಕು ಬಿಟ್ಟಿದೆ. ಒಳಗಡೆ ನೋಡಿದರೆ ಪೈಪು ಎಷ್ಟು ತೆಳ್ಳಗಿದೆಯೆಂದರೆ, ಅದನ್ನು ಊದಿದರೆ ವಾಲಗ ಬಂದೀತು.

"ಇದು ರೋಡ್‌ಸೈಡ್ ಮಾಲು ಸರ್. ಗಾಡಿ ಬಿತ್ತು, ಇದು ಹಿಂದಕ್ಕೆ ಮಡಚ್ಕೊಂಡು ಹೋಗಿ ಎಂಜಿನ್ನಿಗೇ ಗುದ್ತು. ಇದೇ ಇಲ್ದಿದ್ರೆ ಎಂಜಿನ್ ಉಳೀತಿತ್ತು."

"ಹಾಗಾದ್ರೆ ದಪ್ಪ ಪೈಪಿನದು ಹಾಕಿಸ್ಲಾ?" ಭಾವಮೈದುನ ಕೇಳಿದ.

"ಹಾಕ್ಸಿ. ಅದು ಬಗ್ಗಲ್ಲ. ಹೊಡ್ತ ಎಲ್ಲೋ ಹೋಗ್ಬೇಕಲ್ಲ? ಸೀದಾ ಚಾಸಿಸ್‌ಗೆ ಹೋಗುತ್ತೆ. ಚಾಸಿಸ್ ಸೊಟ್ಟಗಾದ್ರೆ ನನ್ ಹತ್ರ ತರ್ಬೇಡಿ."

ಹುಡುಗನ ಮುಖ ನೋಡುವ ಹಾಗಿತ್ತು. ತೆಳ್ಳಗಿದ್ದರೆ ಎಂಜಿನ್, ದಪ್ಪಗಿದ್ದರೆ ಚಾಸಿಸ್! ಮೆಕ್ಯಾನಿಕ್ಕಿಗೂ ಪಾಪ ಅನ್ನಿಸಿರಬೇಕು. ಕೈ ಒರೆಸಿಕೊಂಡು ವಿವರಿಸಿದ. ಗಾರ್ಡಿನ ಆಕಾರ ನೋಡಬಾರದು, ಅದು ಗಾಡಿಯಲ್ಲಿ ಎಲ್ಲೆಲ್ಲಿ ಹಿಡಿದುಕೊಂಡಿದೆ ಎನ್ನುವುದನ್ನು ನೋಡಬೇಕು. ಒಂದೇ ಕ್ಲ್ಯಾಂಪಿನಲ್ಲಿ ಮುಂದಿನ ಪೈಪನ್ನು ಅಪ್ಪಿಕೊಂಡಿದ್ದರೆ ಬಿದ್ದ ಕೂಡಲೇ ತಿರುಗಿಬಿಡುತ್ತದೆ. ಮೇಲೆ ಚಾಸಿಸ್‌ಗೆ, ಕೆಳಗೆ ಎಂಜಿನ್ ಮೌಂಟಿಂಗ್ ಹತ್ತಿರ, ಎಡಬಲ ಎರಡೂ ಕಡೆ ಬೋಲ್ಟ್ ಬಿದ್ದಿರಬೇಕು. ಬೀಳುವ ಹೊಡೆತಕ್ಕೆ ಪೈಪು ತಾನು ಸ್ವಲ್ಪ ಬಗ್ಗಬೇಕು, ಆದರೆ ಎಂಜಿನ್ ಮುಟ್ಟುವಷ್ಟು ಬಗ್ಗಬಾರದು. ಗಾಡಿ ಮಾಡಿದ ಕಂಪನಿಯೇ ಆ ಮಾಡೆಲ್ಲಿಗೆಂದು ಮಾಡಿದ್ದು ಸಾಮಾನ್ಯವಾಗಿ ಹೀಗೆ ಕೂರುತ್ತದೆ. ಎಲ್ಲಾ ಗಾಡಿಗೂ ಆಗುತ್ತೆ ಎಂದು ಮಾರುವುದು ಯಾವ ಗಾಡಿಗೂ ಆಗುವುದಿಲ್ಲ. ಬೋಲ್ಟ್ ಸಡಿಲವಾದರೆ ಗಡಗಡ ಸದ್ದು ಬೇರೆ. ಅದನ್ನು ಬುಲೆಟ್ಟಿನ ಬೀಟ್ ಎಂದುಕೊಂಡು ಖುಷಿಪಡುವವರನ್ನೂ ಆತ ಕಂಡಿದ್ದಾನೆ.

ಈಗ ಮುಖ್ಯ ಪ್ರಶ್ನೆಗೆ ಬನ್ನಿ. ಬೀಳುವುದರಲ್ಲಿ ಎರಡು ಜಾತಿ. ನಿಂತು ಬೀಳುವುದು, ಓಡುವಾಗ ಬೀಳುವುದು. ಹೇಳಿಕೊಳ್ಳಲು ನಾಚಿಕೆಯಾಗುವುದು ಮೊದಲನೆಯದು. ಹಾಗಾಗಿ ಯಾರೂ ಹೇಳಿಕೊಳ್ಳುವುದಿಲ್ಲ. ಕ್ಲಾಸಿಕ್ 350ರ ತೂಕ 195 ಕೆಜಿ. ಅದು ನೆಟ್ಟಗಿರುವತನಕ ಬಹಳ ಸಂಭಾವಿತ. ಪೆಟ್ರೋಲ್ ಬಂಕಿನ ಜಲ್ಲಿಕಲ್ಲಿನ ಮೇಲೆ ಕಾಲು ಜಾರಿತು, ಮೆತ್ತನೆ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಇಳಿಯಿತು, ಚಾರ್ಮಾಡಿ ತಿರುವಿನಲ್ಲಿ ಫೋಟೋಗೆಂದು ಗಾಡಿ ಹಿಂದಕ್ಕೆ ತಿರುಗಿಸುವಾಗ ಇಳಿಜಾರಿನ ಕಡೆ ಕಾಲಿಗೆ ನೆಲ ಸಿಗಲಿಲ್ಲ... ಒಂದು ಹಂತ ದಾಟಿ ವಾಲಿತೆಂದರೆ ಜಿಮ್ಮಿಗೆ ಹೋದವನೂ ಹಿಡಿಯಲಾರ. ನಿಧಾನವಾಗಿ, ಮರ್ಯಾದೆಯಿಂದ, ಎಲ್ಲರೂ ನೋಡುತ್ತಿರುವಾಗಲೇ ಮಲಗುತ್ತದೆ. ಹಿಂದೆ ಕೂತಿದ್ದ ಹೆಂಡತಿ ಆಗಲೇ ಇಳಿದು ಪರಿಚಯವಿಲ್ಲದವಳ ಹಾಗೆ ದೂರ ನಿಂತಿರುತ್ತಾಳೆ.

ಗಾರ್ಡಿಗೆ ಹಾಕಿದ ದುಡ್ಡು ವಸೂಲಾಗುವುದು ಇಂಥ ಜಾಗದಲ್ಲಿ. ಮುಂದೆ ಗಾರ್ಡಿನ ಬಳೆ, ನಡುವೆ ಫುಟ್‌ರೆಸ್ಟು, ಮೇಲೆ ಹ್ಯಾಂಡಲ್ ತುದಿ, ಇವು ಮೊದಲು ನೆಲ ಮುಟ್ಟುತ್ತವೆ. ಟ್ಯಾಂಕಿಗೆ ಡೆಂಟಿಲ್ಲ, ಎಂಜಿನ್ ಕವರು ಒಡೆಯುವುದಿಲ್ಲ. ಹೊಸ ಗಾಡಿಗಳಲ್ಲಿ ರೇಡಿಯೇಟರ್ ಇದ್ದರೆ ಅದೂ ಬಚಾವು. ರೇಡಿಯೇಟರ್ ಒಡೆದು ಕೂಲೆಂಟ್ ಸೋರಿತೆಂದರೆ ಮುಂದಿನ ಪ್ರಯಾಣ ಟೆಂಪೋದ ಮೇಲೆ. ಮತ್ತೆ ಕಾಲು? ಗಾಡಿಗೂ ನೆಲಕ್ಕೂ ನಡುವೆ ಒಂದಿಷ್ಟು ಸಂದು ಉಳಿಯುವುದರಿಂದ ಅಡಿಗೆ ಸಿಕ್ಕ ಕಾಲನ್ನು ಎಳೆದುಕೊಳ್ಳಬಹುದು. ಇಷ್ಟು ಉಪಕಾರಕ್ಕೆ ಮೂರ್ನಾಲ್ಕು ಕೆಜಿ ಕಬ್ಬಿಣ ಹೊತ್ತರೆ ನಷ್ಟವೇನಿಲ್ಲ.

ಓಡುವಾಗ ಬೀಳುವುದೇ ಬೇರೆ ಕಥೆ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎನ್ನುವ ಸಂಶೋಧಕರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ, ಜೊತೆಗೆ 3600 ಪೊಲೀಸ್ ವರದಿಗಳನ್ನು ಜಾಲಾಡಿ 1981ರಲ್ಲಿ ಒಂದು ವರದಿ ಕೊಟ್ಟಿತು. ಗಾರ್ಡ್ ಬಗ್ಗೆ ಅದರ ತೀರ್ಮಾನ ಕೇಳಿದರೆ ಷೋರೂಮಿನ ಹುಡುಗ ಆ ಲ್ಯಾಮಿನೇಷನ್ ಹಾಳೆಯನ್ನು ಮಡಚಿಟ್ಟಾನು. ಗಾರ್ಡ್ ಇದ್ದ ಗಾಡಿಗಳಲ್ಲಿ ಪಾದ, ಹರಡುಗಳ ಗಾಯ ಕಡಿಮೆಯಾಗಿತ್ತು, ನಿಜ. ಆದರೆ ಮೊಣಕಾಲು, ಅದರ ಕೆಳಗಿನ ಭಾಗ ಮತ್ತು ತೊಡೆಯ ಗಾಯ ಹೆಚ್ಚಾಗಿ ಲೆಕ್ಕ ಸರಿಹೋಗಿತ್ತು. ಒಟ್ಟಿನಲ್ಲಿ ಗಾಯ ತಪ್ಪಿಸುವ ಸಾಧನ ಅದಲ್ಲ ಎಂದು ಬರೆದರು.

"ಅಂದ್ರೆ ಪಾದ ಉಳಿಯುತ್ತೆ, ಮಂಡಿ ಹೋಗುತ್ತಾ?" ಭಾವಮೈದುನ ಎರಡೂ ಮಂಡಿಯನ್ನು ಒಮ್ಮೆ ಸವರಿಕೊಂಡ.

ಯೋಚಿಸಿ ನೋಡಿದರೆ ಇದರಲ್ಲಿ ಪವಾಡವೇನಿಲ್ಲ. ಕಾರಿಗೆ ಡಿಕ್ಕಿ ಹೊಡೆದಾಗ ಗಾಡಿ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಅವನು ಸೀಟಿನಿಂದ ಎದ್ದು ಮುಂದಕ್ಕೆ ಹಾರುತ್ತಾನೆ. ಹಾರುವವನ ಕಾಲಿಗೆ ದಾರಿಯಲ್ಲಿ ಸಿಗುವುದು ಇದೇ ಗಾರ್ಡು. ಪಕ್ಕದಿಂದ ಬಂದ ಗಾಡಿ ಗಾರ್ಡಿನ ತುದಿಗೆ ತಗುಲಿತೋ, ಬೈಕು ಗಿರಕಿ ಹೊಡೆದು ಸವಾರನನ್ನು ಇನ್ನೊಂದು ದಿಕ್ಕಿಗೆ ಎಸೆಯುತ್ತದೆ. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಸರ್ಕಾರಿ ಸಂಶೋಧನಾಲಯದವರು ಕಾಲಿಗೆ ದೊಡ್ಡ ಕವಚವಿಟ್ಟರೆ ಒಳ್ಳೆಯದು ಎಂದರೆ, ಬೈಕ್ ತಯಾರಕರು ಕಾಲು ಉಳಿಸಲು ಹೋಗಿ ತಲೆಗೆ ಕಂಟಕ ತರುತ್ತೀರಿ ಎಂದು ವರ್ಷಗಟ್ಟಲೆ ಜಗಳವಾಡಿದರು. ಅಷ್ಟು ಓದಿದವರೇ ಕಿತ್ತಾಡಿದ ವಿಷಯವನ್ನು ನಮ್ಮ ಹಜಾರದಲ್ಲಿ ಕಾಫಿ ಆರುವಷ್ಟರಲ್ಲಿ ಬಗೆಹರಿಸಲು ಹೊರಟಿದ್ದೆವು.

ಅದೇ ಹರ್ಟ್ ವರದಿ ಹೆಲ್ಮೆಟ್ ಬಗ್ಗೆ ಮಾತ್ರ ಎರಡು ಮಾತಾಡಲಿಲ್ಲ. ತಲೆ ಉಳಿಸುವುದು ಅದೇ ಎಂದಿತು. ನಮ್ಮ ಮೋಟಾರು ವಾಹನ ನಿಯಮದಲ್ಲೂ ಗಾಡಿಯ ಜೊತೆ ಹೆಲ್ಮೆಟ್ ಕೊಡಬೇಕು ಎಂದಿದೆ. ಆ ಹೆಲ್ಮೆಟ್ಟಿನ ಪಟ್ಟಿ ಗಟ್ಟಿಯಿದೆಯೋ, ತಲೆಗೆ ಸರಿಯಾಗಿ ಕೂರುತ್ತದೆಯೋ ನೋಡಿದವರುಂಟೇ? ಗಾರ್ಡನ್ನು ಬೆರಳಲ್ಲಿ ತಟ್ಟಿ, ಕಿವಿಕೊಟ್ಟು ಕೇಳಿ ಆರಿಸುವವನು, ಹೆಲ್ಮೆಟ್ ಯಾವುದಾದರೂ ಕೊಡಿ ಎನ್ನುತ್ತಾನೆ. ಕೊನೆಗೆ ಆ ಹೆಲ್ಮೆಟ್ಟೂ ಎಲ್ಲಿರುತ್ತದೆ ಹೇಳಿ? ಗಾರ್ಡಿಗೆ ನೇತಾಡುತ್ತಿರುತ್ತದೆ.

ಇನ್ನು ಕಾನೂನು. ಅದರ ತಮಾಷೆಯೇ ಸೊಗಸು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 123ನೇ ನಿಯಮವೊಂದಿದೆ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು ಎನ್ನುತ್ತದೆ. ಅದೇ ನಮ್ಮ ಸೀರೆ ಗಾರ್ಡು. ಇನ್ನೊಂದು ಕಡೆ, 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ವಾಹನಗಳಿಗೆ ಕಂಡಕಂಡಂತೆ ಕೂಡಿಸುವ ಕ್ರ್ಯಾಶ್ ಗಾರ್ಡ್, ಬುಲ್ ಬಾರುಗಳ ಮೇಲೆ ಕ್ರಮ ತೆಗೆದುಕೊಳ್ಳಿ ಎಂದಿತು. ಸಿಟ್ಟು ಮುಖ್ಯವಾಗಿ ಜೀಪು, ಕಾರುಗಳ ಮೂತಿಗೆ ಕಟ್ಟುವ ಕಬ್ಬಿಣದ ಮೇಲಿತ್ತು. ಬೈಕಿನವರು ಕಂಪನಿಯದೇ ಗಾರ್ಡ್ ಬಿಲ್ಲು ಸಮೇತ ಹಾಕಿಸಿಕೊಂಡು ಓಡಾಡುತ್ತಲೇ ಇದ್ದಾರೆ. ನಮ್ಮ ಹುಡುಗರು ಮಾಡುವುದೇನು ಗೊತ್ತೇ? ಗಾಡಿ ಮನೆಗೆ ಬಂದ ವಾರದಲ್ಲೇ ಸೀರೆ ಗಾರ್ಡ್ ಬಿಚ್ಚಿಸಿ ಅಟ್ಟಕ್ಕೆ ಎಸೆಯುತ್ತಾರೆ, ‘ಅಂಕಲ್ ಗಾಡಿ ಥರ ಕಾಣುತ್ತೆ’ ಅಂತ. ಅದೇ ಮೆಕ್ಯಾನಿಕ್, ಅದೇ ಸ್ಪ್ಯಾನರ್, ಅದೇ ಮಧ್ಯಾಹ್ನ ಮುಂದಕ್ಕೆ ಕ್ರ್ಯಾಶ್ ಗಾರ್ಡ್! ಕಾನೂನು ಬೇಕೇಬೇಕು ಎಂದದ್ದು ಅಟ್ಟದಲ್ಲಿ, ಕೇಳದೇ ಇದ್ದದ್ದು ರಸ್ತೆಯಲ್ಲಿ. ಹಿಂದೆ ಕೂತ ಅಮ್ಮನ ಸೆರಗು, ತಂಗಿಯ ದುಪಟ್ಟ ಗಾಳಿಗೆ ಹಾರುತ್ತಾ ಚಕ್ರದ ಕಡ್ಡಿಗಳ ಹತ್ತಿರ ಸುಳಿದಾಡುತ್ತಿರುತ್ತದೆ. ಇದನ್ನು ಹರಟೆಯಲ್ಲಿ ಹೇಳುತ್ತಿದ್ದರೂ ನಗು ಬರುವುದಿಲ್ಲ.

ಇತ್ತೀಚೆಗೆ ಗಾರ್ಡಿಗೆ ಹಗ್ಗ ಸುತ್ತುವ ಷೋಕಿಯೂ ಬಂದಿದೆ. ಸೊಂಟದ ದಾರ ಕಟ್ಟಿದ ಹಾಗೆ ಒತ್ತೊತ್ತಾಗಿ ಸುತ್ತಿ ಲಡಾಖಿಗೆ ಹೊರಟ ಕಳೆ ತರುತ್ತಾರೆ. ಗಾಡಿ ಹೋಗುವುದು ವಿಜಯನಗರದಿಂದ ಮೆಜೆಸ್ಟಿಕ್ಕಿಗೆ. ಮಳೆಯಲ್ಲಿ ನೆಂದ ಹಗ್ಗ ನೀರು ಹಿಡಿದಿಟ್ಟುಕೊಂಡು ಒಳಗಿಂದೊಳಗೆ ಪೈಪಿಗೆ ತುಕ್ಕು ಹಿಡಿಸುತ್ತದೆ. ಬಿಚ್ಚಿದ ದಿನ ಗೊತ್ತಾಗುತ್ತದೆ. ಸ್ಕೂಟರಿನವರ ಸುದ್ದಿ ನಾನು ಎತ್ತುವುದಿಲ್ಲ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಸ್ಟೀಲಿನ ಬೇಲಿ ಹಾಕಿಸಿ, ಸೀಟಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದೆ ಇಟ್ಟವರ ಮುಂದೆ ನನ್ನ ವಾದ ನಿಲ್ಲುವುದಿಲ್ಲ.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ಇನ್ನೊಂದು ತೊಂದರೆ. ಸಿಲ್ಕ್ ಬೋರ್ಡ್ ಹತ್ತಿರ ಕಾರಿಗೂ ಬಸ್ಸಿಗೂ ನಡುವೆ ಸಂದು ಕಂಡಾಗ ನಾವು ಹ್ಯಾಂಡಲ್ ಅಳತೆ ನೋಡಿ ನುಗ್ಗುತ್ತೇವೆ. ಕೆಳಗೆ ಗಾರ್ಡ್ ಎಂಬುದೊಂದಿದೆ ಎಂದು ನೆನಪಾಗುವುದು ಪಕ್ಕದ ಕಾರಿನ ಬಾಗಿಲಿನ ಮೇಲೆ ಗೆರೆ ಎಳೆದಾದ ಮೇಲೆ. ಆಗ ಆಗುವ ಸಂಭಾಷಣೆಯಲ್ಲಿ ನಿಮ್ಮ ಕಾಲು ಕಾಪಾಡಲು ಯಾವ ಗಾರ್ಡೂ ಬರುವುದಿಲ್ಲ.

ಕಡೆಗೂ ನಾನು ಭಾವಮೈದುನನಿಗೆ ಹೇಳಿದ್ದು ಇಷ್ಟು. ಹಾಕಿಸು. ನಿನ್ನ ಗಾಡಿ ಭಾರ, ನಿನಗೆ ಭಾರದ ಗಾಡಿ ಹೊಸತು, ನಿನ್ನ ಮಾವನ ಮನೆ ಇರುವುದು ಚಿಕ್ಕಮಗಳೂರಿನ ಏರುತಗ್ಗಿನಲ್ಲಿ. ನಿಂತಲ್ಲೇ ಬೀಳುವ ಯೋಗ ನಿನ್ನ ಜಾತಕದಲ್ಲಿ ಸ್ಪಷ್ಟವಾಗಿದೆ. ಕಂಪನಿಯದೇ ಹಾಕಿಸು, ಕಪ್ಪು ಹಾಕಿಸು, ಕಾಲು ಚಾಚುವ ರಬ್ಬರಿನದ್ದು ಬೇಡ. ಆದರೆ ಅದನ್ನು ಟ್ಯಾಂಕಿನ ವಿಮೆ ಅಂದುಕೋ, ಕಾಲಿನ ವಿಮೆ ಅಂದುಕೊಳ್ಳಬೇಡ. ಕಾಲಿಗೆ ಬೇಕಾದ್ದು ಹರಡು ಮುಚ್ಚುವ ಗಟ್ಟಿ ಷೂ. ಹವಾಯಿ ಚಪ್ಪಲಿ ಹಾಕಿಕೊಂಡು ಎರಡು ಲಕ್ಷದ ಗಾಡಿಗೆ ಗಾರ್ಡ್ ಹಾಕಿಸುವವನನ್ನು ಕಂಡರೆ ಆ ಗಾರ್ಡಿಗೇ ಮುಜುಗರವಾದೀತು.

"ಷೂ ಪ್ಯಾಕೇಜಲ್ಲಿ ಇಲ್ವಲ್ಲ ಭಾವಾ," ಎಂದ.

ನಿಮ್ಮದು ನೂರು ಸಿಸಿಯ ಹಗುರ ಗಾಡಿಯಾಗಿ, ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಮಾತ್ರ ಓಡುವುದಾದರೆ ಗಾರ್ಡ್ ಇಲ್ಲದೆ ಏನೂ ಕೆಡುವುದಿಲ್ಲ. ಆ ದುಡ್ಡಲ್ಲಿ ಸವೆದ ಟೈರು, ಬ್ರೇಕ್ ಷೂ ಬದಲಾಯಿಸಿ. ಹಾಕಿಸಿದವರು ಆಗಾಗ ಬೋಲ್ಟ್ ಬಿಗಿ ನೋಡಿಸಿ. ಒಮ್ಮೆ ನೆಲ ಕಂಡ ಗಾರ್ಡನ್ನು ಬಡಿದು ನೆಟ್ಟಗೆ ಮಾಡಿಸಿ ಮತ್ತೆ ಕೂಡಿಸಬೇಡಿ, ಅದರ ಕೆಲಸ ಮುಗಿದಿರುತ್ತದೆ. ಬಾಳೆಕಂದು ಕಟ್ಟಲು ನನ್ನ ಅಭ್ಯಂತರವಿಲ್ಲ. ಆದರೆ ಅಟ್ಟದ ಮೇಲೆ ಎಸೆದ ಸೀರೆ ಗಾರ್ಡ್ ಇದ್ದರೆ ದಯವಿಟ್ಟು ಈ ಭಾನುವಾರವೇ ಕೆಳಗಿಳಿಸಿ, ಅದರ ಜಾಗಕ್ಕೆ ಕೂಡಿಸಿ.